ಮೀಸೆ ಚುಕ್ಕಿಯಿಂದ ಸಿಂಹದ ವಂಶಾವಳಿ

ಹುಲಿಗೆ ಪಟ್ಟೆಯಿದೆ, ಚಿರತೆಗೆ ಚುಕ್ಕಿಯಿದೆ. ಮೈಯೆಲ್ಲ ಒಂದೇ ಬಣ್ಣದ ಸಿಂಹಿಣಿಗಳಲ್ಲಿ ಯಾರ ಮಗಳು ಯಾರೆಂದು ಗುರುತಿಸುವುದು ಹೇಗೆ?

ಮೀಸೆಯ ಬುಡ ನೋಡಬೇಕು. ಅಲ್ಲಿ ಕಪ್ಪು ಚುಕ್ಕಿಗಳ ಸಾಲುಗಳಿರುತ್ತವೆ. ತೀರ ಮೇಲಿನ ಸಾಲಿನಲ್ಲಿ ಕೆಲವೇ ಚುಕ್ಕಿ. ಅವು ಕೆಳಸಾಲಿನ ಯಾವ ಚುಕ್ಕಿಯ ನೇರಕ್ಕಿವೆ ಎಂಬುದು ಒಂದೊಂದು ಸಿಂಹಕ್ಕೂ ಬೇರೆ. ಎಡಗೆನ್ನೆ, ಬಲಗೆನ್ನೆಗಳನ್ನೂ ಬೇರೆಬೇರೆಯಾಗಿಯೇ ಬರೆದುಕೊಳ್ಳಬೇಕು. ಹರಿದ ಕಿವಿ, ಮುರಿದ ಹಲ್ಲು ನೆರವಾಗುತ್ತವೆ, ನಿಜ. ಆದರೆ ಮುಂದಿನ ಜಗಳದಲ್ಲಿ ಇನ್ನೊಂದು ಕಿವಿಯೂ ಹರಿದೀತು. ಚುಕ್ಕಿ ಮಾತ್ರ ಸಾಯುವ ತನಕ ಅದೇ.

ಟಾಂಜಾನಿಯಾದ ಸೆರೆಂಗೆಟಿಯಲ್ಲಿ ಜಾರ್ಜ್ ಶಾಲರ್ 1966ರಲ್ಲಿ ಶುರುಮಾಡಿದ ಸಿಂಹಗಳ ಅಧ್ಯಯನ, 1978ರಲ್ಲಿ ಕ್ರೇಗ್ ಪ್ಯಾಕರ್ ಮತ್ತು ಆನ್ ಪ್ಯೂಸಿ ಅವರ ಕೈಗೆ ಬಂತು. ಹೀಗೆ ದಶಕಗಟ್ಟಲೆ ಗುರುತು ಬರೆದಿಟ್ಟದ್ದರಿಂದಲೇ ಅಲ್ಲಿನ ಸಿಂಹಗಳಿಗೆ ಮುತ್ತಜ್ಜಿಯ ತನಕ ಲೆಕ್ಕ ಸಿಗುತ್ತದೆ.

ಮುತ್ತಜ್ಜಿಯೇ, ಮುತ್ತಜ್ಜನಲ್ಲ. ಹೆಣ್ಣುಮರಿಗಳು ಬಹುಮಟ್ಟಿಗೆ ಹುಟ್ಟಿದ ಗುಂಪಿನಲ್ಲೇ ಉಳಿಯುತ್ತವೆ. ಅಜ್ಜಿ, ತಾಯಿ, ಚಿಕ್ಕಮ್ಮ, ಮಗಳು ಸೇರಿದ ಈ ಸಂಸಾರ ನಮ್ಮ ಕರಾವಳಿಯ ಅಳಿಯಸಂತಾನದ ಮನೆಯಿದ್ದಂತೆ. ತೊಡಕೆಂದರೆ, ಹಲವು ಸಿಂಹಿಣಿಗಳು ಹತ್ತಿರಹತ್ತಿರದಲ್ಲೇ ಮರಿಹಾಕಿ ಎಲ್ಲವನ್ನೂ ಒಟ್ಟಿಗೆ ಸಾಕುತ್ತವೆ. ಮರಿ ಚಿಕ್ಕಮ್ಮನ ಮೊಲೆಗೂ ಬಾಯಿ ಹಾಕುತ್ತದೆ. ಹಾಗಾಗಿ, ತಾಯಿ ಒಂಟಿಯಾಗಿ ಪೊದೆಯಲ್ಲೋ ಬಂಡೆಯ ಸಂದಿಯಲ್ಲೋ ಮರಿ ಬಚ್ಚಿಟ್ಟುಕೊಳ್ಳುವ ಮೊದಲ ಕೆಲವು ವಾರಗಳಲ್ಲೇ ನೋಡಿ ಬರೆದುಕೊಂಡರೆ ಕ್ಷೇಮ. ಕೊರಳಿನ ರೇಡಿಯೋ ಕಾಲರ್ ಆಕೆಯ ಜಾಡು ತೋರಿಸುತ್ತದೆ.

ತಂದೆಯ ಲೆಕ್ಕಕ್ಕೆ ಕ್ಯಾಲೆಂಡರ್ ಬೇಕು. ಗಂಡುಗಳು ಬೆಳೆದ ಮೇಲೆ ಗುಂಪು ಬಿಟ್ಟು, ಅಣ್ಣತಮ್ಮಂದಿರೊಡನೆ ಜೊತೆಗೂಡಿ ಬೇರೆ ಗುಂಪಿನ ಮೇಲೆ ಏರಿಹೋಗುತ್ತವೆ. ಗೆದ್ದರೆ ಹಳೆಯ ಗಂಡುಗಳ ಎಳೆಮರಿಗಳನ್ನು ಕೊಲ್ಲುತ್ತವೆ. ಗರ್ಭದ ಅವಧಿ ಸುಮಾರು ಮೂರೂವರೆ ತಿಂಗಳು. ಮರಿ ಹುಟ್ಟಿದ ದಿನದಿಂದ ಅಷ್ಟು ಹಿಂದಕ್ಕೆ ಎಣಿಸಿದರೆ ಆಗ ಗುಂಪನ್ನು ಆಳುತ್ತಿದ್ದವರು ಯಾರೆಂದು ತಿಳಿಯುತ್ತದೆ. ಆದರೆ ಅವರೊಳಗೆ ಅಪ್ಪ ಯಾರು, ದೊಡ್ಡಪ್ಪ ಯಾರು?

ಅದನ್ನು ಡಿಎನ್‌ಎಯೇ ಹೇಳಬೇಕು. 1991ರಲ್ಲಿ ಪ್ಯಾಕರ್ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶ ಸ್ವಾರಸ್ಯಕರವಾಗಿತ್ತು: ಗಂಡುಗಳ ಕೂಟ ದೊಡ್ಡದಾದಷ್ಟೂ ಸಂತಾನ ಕೆಲವರ ಪಾಲಿಗೇ ಹೋಗುತ್ತದೆ. ಅಂಥ ಕೂಟದಲ್ಲಿರುವವರು ರಕ್ತಸಂಬಂಧಿಗಳೇ. ಸ್ವಂತ ಮರಿಯಿಲ್ಲದ ದೊಡ್ಡಪ್ಪನೂ ತಮ್ಮನ ಮರಿಗಳನ್ನು ಕಾಯುತ್ತಾನೆ.

ನಮ್ಮ ಗುಜರಾತಿನ ಗಿರ್‌ನಲ್ಲಿ ಈ ಕ್ಯಾಲೆಂಡರ್ ಕೈಕೊಡುತ್ತದೆ. ಅಲ್ಲಿ ಗಂಡು, ಹೆಣ್ಣುಗಳ ಗುಂಪುಗಳು ಬಹುಪಾಲು ಬೇರೆಬೇರೆ. ಸಿಂಹಿಣಿ ಒಂದಕ್ಕಿಂತ ಹೆಚ್ಚು ಕೂಟದ ಗಂಡುಗಳೊಡನೆ ಕೂಡುತ್ತದೆ. ಪ್ರಯೋಗಾಲಯದ ವರದಿ ಬರುವ ತನಕ ತಂದೆಯ ಕಲಂ ಖಾಲಿ ಬಿಡುವುದೇ ಲೇಸು.