ಐಪಿ ಹಾಕಿದ ಮಾತ್ರಕ್ಕೆ ಸಾಲ ಮುಗಿಯದು

"ಸುಮ್ಮನೆ ಐಪಿ ಹಾಕಿಬಿಡಿ, ಆಮೇಲೆ ಒಬ್ಬರೂ ಕೇಳೋ ಹಾಗಿಲ್ಲ" ಎಂಬ ಪುಕ್ಕಟೆ ಸಲಹೆಗೆ ನಮ್ಮಲ್ಲಿ ಬರವಿಲ್ಲ. ಕೋರ್ಟಿನ ಎದುರಿನ ಚಹಾ ಅಂಗಡಿಯಲ್ಲೂ ಮೊಬೈಲಿನ ವಿಡಿಯೊಗಳಲ್ಲೂ ಅದು ಧಾರಾಳವಾಗಿ ಸಿಗುತ್ತದೆ. ನಂಬಿದವರು ಐಪಿ, ಅಂದರೆ ದಿವಾಳಿ ಅರ್ಜಿ (ಇನ್ಸಾಲ್ವೆನ್ಸಿ ಪಿಟಿಷನ್) ಹಾಕಿ, ದಿವಾಳಿ ಎಂಬ ಆದೇಶ ಕೈಗೆ ಬಂದ ಕೂಡಲೇ ಕಡತ ಮುಚ್ಚಿ ಮನೆಗೆ ಹೋಗುತ್ತಾರೆ. ಅಸಲು ಎಡವಟ್ಟು ಆಗುವುದು ಇಲ್ಲೇ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗಾಗಿ ಇರುವ ಭಾಗ 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗಷ್ಟೇ. ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಬಟ್ಟೆ ಅಂಗಡಿ ಮುಳುಗಿಸಿಕೊಂಡವರಿಗೆ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಆ ಹಳೆಯ ಕಾಯ್ದೆ ಒಂದು ವಿಷಯದಲ್ಲಿ ಬಹಳ ಸ್ಪಷ್ಟವಾಗಿದೆ: ದಿವಾಳಿ ಎಂದು ಘೋಷಿಸುವ ಆದೇಶ ಒಂದು, ಸಾಲದಿಂದ ಬಿಡುಗಡೆ ಮಾಡುವ ಡಿಸ್ಚಾರ್ಜ್ ಆದೇಶ ಮತ್ತೊಂದು. ಎರಡನೆಯದಕ್ಕೆ ಎಷ್ಟರೊಳಗೆ ಅರ್ಜಿ ಕೊಡಬೇಕೆಂದು ಮೊದಲನೆಯದರಲ್ಲೇ ಬರೆದಿರುತ್ತದೆ. ಕೊಡದಿದ್ದರೆ ಘೋಷಣೆಯೇ ರದ್ದಾಗಿ, ಸಾಲ ಕೊಟ್ಟವರು ಮತ್ತೆ ಬಾಗಿಲಿಗೆ ಬರಬಹುದು.

ಈ ಎರಡು ಆದೇಶಗಳ ನಡುವಿನ ಕಾಲ ಯಾರೂ ಹಾಯಾಗಿ ಕಳೆಯುವಂಥದ್ದಲ್ಲ. ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರ್‌ನ ವಶಕ್ಕೆ ಹೋಗುತ್ತದೆ. ಡಿಸ್ಚಾರ್ಜ್ ಆಗುವವರೆಗೆ ಹೊಸದಾಗಿ ಬಂದ ಆಸ್ತಿಯೂ ಅದೇ ದಾರಿ ಹಿಡಿಯುತ್ತದೆ. ತಾನು ದಿವಾಳಿಯಾದವನೆಂದು ಹೇಳದೆ 50 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಾಲ ಪಡೆದರೆ ಆರು ತಿಂಗಳವರೆಗೆ ಸಜೆ ಆಗಬಹುದು. 1920ರ ಐವತ್ತು ಇವತ್ತಿಗೂ ಐವತ್ತೇ ಆಗಿರುವುದರಿಂದ ಕಿರಾಣಿ ಅಂಗಡಿಯ ಉದ್ರಿಯೂ ಇದರೊಳಗೆ ಬೀಳುತ್ತದೆ! ಸಂವಿಧಾನದ 102 ಮತ್ತು 191ನೇ ವಿಧಿಗಳು ಸಂಸದ, ಶಾಸಕ ಸ್ಥಾನಕ್ಕೆ ಅನರ್ಹರೆನ್ನುವುದೂ ಡಿಸ್ಚಾರ್ಜ್ ಆಗದ ದಿವಾಳಿಗಳನ್ನು ಮಾತ್ರ. ಅಂದರೆ ಕಾನೂನಿನ ಕಣ್ಣಲ್ಲಿ ಹೊಸ ಬದುಕು ಶುರುವಾಗುವುದು ಎರಡನೇ ಆದೇಶದಿಂದ. "ಆದರೆ ಬ್ಯಾಂಕಿನವರ ಫೋನ್ ನಿಂತುಹೋಯಿತಲ್ಲ" ಎನ್ನುವವರುಂಟು. ಫೋನ್ ನಿಲ್ಲುವುದಕ್ಕೆ ನೂರು ಕಾರಣ. ಸಾಲ ಮುಗಿದಿದೆ ಎನ್ನುವುದಕ್ಕೆ ಕಾಗದ ಬೇಕು. "ಹಾಗಾದರೆ ಪ್ರಾಮಾಣಿಕನಿಗೂ ಇದೇ ಶಿಕ್ಷೆಯೇ?" ಎಂಬುದು ಇದಕ್ಕಿಂತ ತೂಕದ ಪ್ರಶ್ನೆ. ಆಸ್ತಿಯಿಂದ ರೂಪಾಯಿಗೆ ಎಂಟಾಣೆಯಷ್ಟೂ ಹುಟ್ಟದಿದ್ದರೆ ಪೂರ್ಣ ಬಿಡುಗಡೆ ಕೊಡಬಾರದೆಂದು ಕಾಯ್ದೆ ಹೇಳುತ್ತದೆ ನಿಜ. ಆದರೆ ತನ್ನ ತಪ್ಪಿಲ್ಲದೆ ಆ ಸ್ಥಿತಿ ಬಂತೆಂದು ತೋರಿಸಿದವನಿಗೆ ವಿನಾಯಿತಿ ಇದೆ. ತೋರಿಸುವುದಕ್ಕೆ ಬೇಕಾದದ್ದು ಲೆಕ್ಕದ ಪುಸ್ತಕ. ಅದನ್ನು ಮೊದಲು ಸುಟ್ಟುಹಾಕಿ ಎನ್ನುವ ಸಲಹೆಗಾರರೂ ಇದ್ದಾರೆ, ಅವರಿಗೆ ಏನು ಹೇಳುವುದು! ಡಿಸ್ಚಾರ್ಜ್ ಸಿಕ್ಕ ಮೇಲೂ ಸರ್ಕಾರದ ಬಾಕಿ, ವಂಚನೆಯಿಂದ ಮಾಡಿದ ಸಾಲ, ನ್ಯಾಯಾಲಯ ವಿಧಿಸಿದ ಜೀವನಾಂಶ ಉಳಿಯುತ್ತವೆ. ಜಾಮೀನು ಹಾಕಿದ ಭಾವಮೈದುನನಿಗಂತೂ ಬಿಡುಗಡೆಯೇ ಇಲ್ಲ. ಅಡವಿಟ್ಟ ಮನೆಯ ಮೇಲಿನ ಬ್ಯಾಂಕಿನ ಹಕ್ಕಿಗೂ ಧಕ್ಕೆಯಿಲ್ಲ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಕಿಲ್ಲ. ಹೆಂಡತಿ ಹೆಸರಿಗೆ ಬರೆದಿಟ್ಟರೆ ಆಸ್ತಿ ಉಳಿಯುತ್ತದೆಯೇ? ದಿವಾಳಿ ಅರ್ಜಿ ಹಾಕುವುದಕ್ಕೆ ಹಿಂದಿನ ಎರಡು ವರ್ಷದೊಳಗಿನ ಅಂಥ ವರ್ಗಾವಣೆಯನ್ನು ನ್ಯಾಯಾಲಯ ರದ್ದು ಮಾಡಬಹುದು. ಸಾಲ ತೀರಿಸಲಾಗದವರೆಲ್ಲ ಜೈಲಿಗೆ ಎಂಬ ಭಯಕ್ಕೆ ಸುಪ್ರೀಂ ಕೋರ್ಟ್ 1980ರಲ್ಲೇ ಉತ್ತರ ಕೊಟ್ಟಿದೆ: ಬರೀ ಬಡತನಕ್ಕೆ ಸೆರೆಮನೆಯಿಲ್ಲ. ಬೌನ್ಸ್ ಆದ ಚೆಕ್ಕಿನ ಮಾತು ಬೇರೆ, ಅದು ಅಪರಾಧ. ಅಪ್ಪನ ಸಾಲವನ್ನು ಮಗ ತೀರಿಸಲೇಬೇಕೆಂಬುದು ಕೂಡ ಅರ್ಧಸತ್ಯ, ಹೊಣೆ ಇರುವುದು ಅಪ್ಪನಿಂದ ಬಂದ ಆಸ್ತಿಯ ಮಟ್ಟಿಗೆ.

ಮುಳುಗಿದವರು ಮತ್ತೆ ಏಳುವ ಹೊತ್ತಿಗೆ ಎದುರಾಗುವುದು ಸಾಲದ ದಾಖಲೆ ಇಡುವ ಸಿಬಿಲ್ ಎಂಬ ಭೂತ. ಅಲ್ಲಿ ಕಪ್ಪುಪಟ್ಟಿ ಎಂಬುದೊಂದಿಲ್ಲ. ಇರುವುದು ಸಾಲದ ಚರಿತ್ರೆ ಮತ್ತು 300ರಿಂದ 900ರವರೆಗಿನ ಅಂಕ. ಸಾಲ ಕೊಡುವುದು ಬಿಡುವುದು ಬ್ಯಾಂಕಿನ ತೀರ್ಮಾನ. ಕಡಿಮೆ ಕಟ್ಟಿ ಮುಗಿಸಿದ ಸಾಲ 'ಸೆಟಲ್ಡ್' ಎಂದೇ ದಾಖಲಾಗುತ್ತದೆ, ಪೂರ್ತಿ ತೀರಿದ 'ಕ್ಲೋಸ್ಡ್' ಸಾಲದ ಮರ್ಯಾದೆ ಅದಕ್ಕಿಲ್ಲ. ಠೇವಣಿಯ ಮೇಲೆ ಕೊಡುವ ಸಣ್ಣ ಮಿತಿಯ ಕ್ರೆಡಿಟ್ ಕಾರ್ಡ್ ತೆಗೆದುಕೊಂಡು ತಿಂಗಳು ತಪ್ಪದೆ ಪೂರ್ತಿ ಕಟ್ಟುವುದು ನಿಧಾನದ, ಆದರೆ ನಿಜವಾದ ದಾರಿ. ನಿಧಾನ ಯಾರಿಗೆ ಬೇಕು? ದುಡ್ಡು ಕೊಟ್ಟರೆ ಹಳೆಯ ದಾಖಲೆ ಅಳಿಸಿಕೊಡುತ್ತೇವೆಂಬ ಏಜೆಂಟರ ಮುಂದೆ ಸಾಲು ನಿಲ್ಲುತ್ತದೆ. ಸರಿಯಾದ ದಾಖಲೆಯನ್ನು ಅಳಿಸುವ ಅಧಿಕಾರ ಅವರಿಗಿಲ್ಲ. ತಪ್ಪಾಗಿದ್ದರೆ ತಿದ್ದಿಸಲು ಶುಲ್ಕವೂ ಇಲ್ಲ, 30 ದಿನದೊಳಗೆ ದೂರು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಒಂದು ಸೀರೆಗೆ ಹತ್ತು ಅಂಗಡಿ ಸುತ್ತುವ ನಾವು, ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ನಮ್ಮದೇ ಸಾಲದ ವರದಿಯನ್ನು ತೆರೆದು ನೋಡದೆ, ಹೆಸರು ವಿಳಾಸ ಗೊತ್ತಿಲ್ಲದವನ ಖಾತೆಗೆ ಮುಂಗಡ ಹಾಕಿಬಿಡುತ್ತೇವೆ.