ಹಗ್ಗ ಕೈಗೆ ಬಂದ ಮಾತ್ರಕ್ಕೆ ಕಾರು ನಮ್ಮದಲ್ಲ

ಬೀದರ್‌ನಿಂದ ಭಾಲ್ಕಿಗೆ ಹೋಗುವ ರೈಲು ಮಾರ್ಗದಲ್ಲಿ ಸಿಗುವ ಊರು ಹಲಬರ್ಗಾ. ದೇವಣಿ ತಳಿಯ ಎತ್ತುಗಳಿಗೆ ಹೆಸರಾದ ಸೀಮೆ ಇದು. ಎತ್ತು ಕೊಳ್ಳುವುದು ಹೇಗೆಂದು ಇಲ್ಲಿನ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂಬುದರ ಮೇಲೆ ವಯಸ್ಸು ತಿಳಿಯುತ್ತದೆ. ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾರೆ, ಹೆಗಲು ಸವರಿ ಗಾಯವಿದೆಯೇ ಎಂದು ನೋಡುತ್ತಾರೆ. ಜಾತ್ರೆಯಲ್ಲಾದರೆ ಟವಲಿನ ಮರೆಯಲ್ಲಿ ದಲಾಲಿಯ ಬೆರಳು ಹಿಡಿದು ದರ ಕುದುರಿಸುತ್ತಾರೆ. ಹಣ ಎಣಿಸಿ ಕೊಟ್ಟು ಹಗ್ಗ ಕೈಗೆ ಬಂದರೆ ಎತ್ತು ನಮ್ಮದು.

ಅದೇ ಮನೆಯ ಮಗ ಇಂದು ಹಳೆಯ ಕಾರು ಕೊಳ್ಳಲು ಹೊರಟರೆ, ಅಪ್ಪನ ಈ ವಿದ್ಯೆ ಅರ್ಧ ದಾರಿಯವರೆಗೆ ಮಾತ್ರ ಕೆಲಸಕ್ಕೆ ಬರುತ್ತದೆ. ಉಳಿದರ್ಧ ದಾರಿ ಕಾಗದದ್ದು. ಜನ ಎಡವುವುದು ಹೆಚ್ಚಾಗಿ ಅಲ್ಲಿಯೇ.

ಕಾರಿನ ಹಲ್ಲು

ಕಾರಿಗೂ ಹಲ್ಲುಂಟು. ಮೀಟರ್ ಮೂವತ್ತು ಸಾವಿರ ಕಿಲೋಮೀಟರ್ ತೋರಿಸುತ್ತಿದ್ದರೂ ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣುಪಾಗಿದ್ದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ರಬ್ಬರಿನ ಸವೆತವನ್ನು ಹಾಗೆ ತಿರುಗಿಸಲಾಗದು. ಬಾನೆಟ್ ಎತ್ತಿ ಅಂಚುಗಳಲ್ಲಿ ಹೊಸ ವೆಲ್ಡಿಂಗ್ ಇದೆಯೇ, ಬಾಗಿಲುಗಳ ಬಣ್ಣದಲ್ಲಿ ವ್ಯತ್ಯಾಸವಿದೆಯೇ ನೋಡಬೇಕು. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್‌ನಲ್ಲಿ ಸುರಿದ ಮಳೆಗೆ ಹಲವು ಬಡಾವಣೆಗಳ ಕಾರುಗಳು ನೀರಿನಲ್ಲಿ ಮುಳುಗಿದ್ದವು. ನೀರು ಕುಡಿದ ಕಾರನ್ನು ಹೊರಗಿನಿಂದ ತೊಳೆದು ಮೆರುಗು ಕೊಡುವುದು ಸುಲಭ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಸರಿನ ಗೆರೆ ಕಾಣಿಸಬಹುದು. ಸೀಟಿನ ಕೆಳಗಿನ ಕಂಬಿಗೆ ತುಕ್ಕು ಹಿಡಿದಿರಬಹುದು.

ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿರುವುದಿಲ್ಲ ಎಂಬ ಈ ಸರಳ ಸಂಗತಿಯ ಮೇಲೆ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಒಂದು ಪ್ರಬಂಧ ಬರೆದರು. ಅವರು ಮುಖ್ಯ ಉದಾಹರಣೆಯಾಗಿ ಆರಿಸಿಕೊಂಡದ್ದು ಹಳೆಯ ಕಾರುಗಳ ಪೇಟೆಯನ್ನೇ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದ ಗಿರಾಕಿ ಎಲ್ಲಕ್ಕೂ ನಡುವಣ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲು ಒಪ್ಪುವುದಿಲ್ಲ, ಕೆಟ್ಟ ಕಾರಿನವನು ಸಂತೋಷದಿಂದ ಮಾರುತ್ತಾನೆ. ಹೀಗೆ ಕೆಟ್ಟದ್ದು ಒಳ್ಳೆಯದನ್ನು ಪೇಟೆಯಿಂದ ಹೊರಗೆ ಹಾಕುತ್ತದೆ. ಈ ವಿಚಾರಕ್ಕೆ ಸಂಬಂಧಿಸಿದ ಕೆಲಸಕ್ಕಾಗಿ ಅಕರ್ಲಾಫ್ ಅವರಿಗೆ 2001ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಹುಮಾನ ಬಂತು. ನಮ್ಮ ಕಡೆ ಕಾರು ನೋಡಲು ಹೊರಟವರು ಪರಿಚಯದ ಮಿಸ್ತ್ರಿಯೊಬ್ಬನನ್ನು ಜೊತೆಗೆ ಕರೆದೊಯ್ಯುವುದು ಇದೇ ಕಾರಣಕ್ಕೆ. ಅವನ ದಿನಗೂಲಿ ಕೊಟ್ಟರೂ ಅದು ನಷ್ಟವಲ್ಲ.

ಗಡಿ ದಾಟಿ ಬಂದ ಗಾಡಿ

ಬೀದರ್ ಜಿಲ್ಲೆಯವರಿಗೆ ಕಾರಿನ ದೊಡ್ಡ ಪೇಟೆ ಎಂದರೆ ಬೆಂಗಳೂರಲ್ಲ, ಸುಮಾರು 140 ಕಿಲೋಮೀಟರ್ ದೂರದ ಹೈದರಾಬಾದ್. ಇನ್ನೊಂದು ಬದಿಗೆ ಉದಗೀರ್, ಲಾತೂರ್. 1956ರ ನವೆಂಬರ್ 1ಕ್ಕೆ ಮೊದಲು ಇದೆಲ್ಲ ಒಂದೇ ಹೈದರಾಬಾದ್ ರಾಜ್ಯ. ಉದಗೀರ್, ಜಹೀರಾಬಾದ್‌ಗಳಂತೂ ಬೀದರ್ ಜಿಲ್ಲೆಯವೇ ಆಗಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಉದಗೀರ್ ಅಂದಿನ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್ ಆಂಧ್ರಪ್ರದೇಶಕ್ಕೆ ಹೋದವು. ನೆಂಟಸ್ತನ, ಸಂತೆ, ವ್ಯಾಪಾರ ಮಾತ್ರ ಗಡಿಯನ್ನು ಲೆಕ್ಕಿಸದೆ ನಡೆದು ಬಂದಿವೆ. ಆದರೆ ಕಾರಿನ ಮಟ್ಟಿಗೆ ಜಹೀರಾಬಾದ್ ಕೂಡ ಹೊರರಾಜ್ಯ.

ಇಲ್ಲಿಯೇ ಲೆಕ್ಕ ತಪ್ಪುವುದು. ಹೈದರಾಬಾದ್‌ನಲ್ಲಿ ಕಾರು ಮೂವತ್ತು ಸಾವಿರ ಕಡಿಮೆಗೆ ಸಿಕ್ಕಿತೆಂದು ಹಿಗ್ಗುತ್ತೇವೆ. ಅದನ್ನು ಬೀದರ್‌ನ ಕೆ.ಎ. 38 ಅಥವಾ ಭಾಲ್ಕಿಯ ಕೆ.ಎ. 39 ನಂಬರಿಗೆ ತರಬೇಕಾದರೆ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಆ ತೆರಿಗೆಗೆ ಆಧಾರ ನಾವು ಕೊಟ್ಟ ಬೆಲೆಯಲ್ಲ, ಕಾರು ಹೊಸದಿದ್ದಾಗಿನ ಬೆಲೆ. 5ರಿಂದ 10 ಲಕ್ಷ ರೂಪಾಯಿ ಬೆಲೆಯ ಹೊಸ ಪೆಟ್ರೋಲ್ ಅಥವಾ ಡೀಸೆಲ್ ಕಾರಿಗೆ ಇದು ಶೇಕಡಾ 14. ಮೇಲೆ ಸೆಸ್ ಬೇರೆ. ಅಂದರೆ 6 ಲಕ್ಷದ ಹೊಸ ಕಾರಿಗೆ 84,000 ರೂಪಾಯಿ. ಕಾರಿಗೆ ವಯಸ್ಸಾದಂತೆ ಈ ಮೊತ್ತ ಇಳಿಯುತ್ತ ಹೋಗುತ್ತದೆ. ಅರ್ಧಕ್ಕೆ ಇಳಿದರೂ 42,000 ಆಯಿತು. ಉಳಿಸಿದ ಮೂವತ್ತು ಸಾವಿರ ಎಲ್ಲಿ ಉಳಿಯಿತು? ಮೊದಲ ರಾಜ್ಯದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಅರ್ಜಿ ಹಾಕಿ ವಾಪಸು ಕೇಳಬಹುದು. ಅದಕ್ಕೆ ಓಡಾಟ ಬೇಕು, ತಾಳ್ಮೆಯೂ ಬೇಕು.

'ಹನ್ನೆರಡು ತಿಂಗಳು ಯಾರೂ ಕೇಳುವುದಿಲ್ಲ' ಎನ್ನುವ ದಲಾಲಿಗಳಿದ್ದಾರೆ. ಈ ಮಾತಿಗೊಂದು ಹಿನ್ನೆಲೆಯಿದೆ. ಹೊರರಾಜ್ಯದ ವಾಹನ 30 ದಿನಕ್ಕಿಂತ ಹೆಚ್ಚು ಕಾಲ ಇಲ್ಲಿದ್ದರೆ ಆಜೀವ ತೆರಿಗೆ ಕಟ್ಟಬೇಕೆಂದು ಕರ್ನಾಟಕ 2014ರಲ್ಲಿ ಕಾನೂನು ತಿದ್ದಿತ್ತು. 2016ರಲ್ಲಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿರುವ 12 ತಿಂಗಳ ಅವಧಿಯನ್ನೇ ಎತ್ತಿಹಿಡಿಯಿತು. ಆದರೆ ಇದು ತೆರಿಗೆಯ ಮತ್ತು ನಂಬರ್ ಬದಲಾವಣೆಯ ಮಾತು. ಕೊಂಡ ಕಾರನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕಾದ ಗಡುವು ಬೇರೆಯೇ ಇದೆ. ಅದು 30 ದಿನ.

ಸಹಿಯಿದ್ದ ಖಾಲಿ ಫಾರಂ

ಮಾರುವವನು ಫಾರಂ 29, 30ಕ್ಕೆ ಸಹಿ ಹಾಕುತ್ತಾನೆ. ಗಾಡಿ ಹೊರರಾಜ್ಯಕ್ಕೆ ಹೋಗುವುದಿದ್ದರೆ ಫಾರಂ 28ರಲ್ಲಿ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಸಾಲದ ಗಾಡಿಯಾದರೆ ಸಾಲ ತೀರಿತೆಂದು ಬ್ಯಾಂಕಿನ ಪತ್ರ ಮತ್ತು ಫಾರಂ 35 ಬೇಕು. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು ಆರ್.ಸಿ.ಯಲ್ಲಿರುವ ನಂಬರಿಗೆ ಸರಿಹೊಂದಬೇಕು. ಕಾನೂನಿನ ಪ್ರಕಾರ ಮಾರಿದವನು ಅದೇ ರಾಜ್ಯದೊಳಗಾದರೆ 14 ದಿನದಲ್ಲಿ, ಹೊರರಾಜ್ಯಕ್ಕಾದರೆ 45 ದಿನದಲ್ಲಿ ಕಚೇರಿಗೆ ತಿಳಿಸಬೇಕು.

ವ್ಯವಹಾರದಲ್ಲಿ ನಡೆಯುವುದೇ ಬೇರೆ. ಕೊಳ್ಳುವವನ ಹೆಸರಿನ ಜಾಗ ಖಾಲಿ ಬಿಟ್ಟು ಸಹಿ ಮಾಡಿದ ಫಾರಂಗಳು ಕೀಲಿಕೈ ಜೊತೆಗೆ ಕೈಯಿಂದ ಕೈಗೆ ಹೋಗುತ್ತವೆ. ಕಾರು ಮೂರು ಊರು ಸುತ್ತಿದರೂ ಆರ್.ಸಿ.ಯಲ್ಲಿ ಮೊದಲಿನವನ ಹೆಸರೇ ಕುಳಿತಿರುತ್ತದೆ.

ಇದರಿಂದ ಏನಾಗುತ್ತದೆ ಎಂಬುದಕ್ಕೆ 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪನ್ನು ಗಮನಿಸಬೇಕು. ಉತ್ತರ ಭಾರತದ ಒಂದು ಕಾರು 2007ರಲ್ಲಿ ಮಾರಾಟವಾಗಿ, ಅಲ್ಲಿಂದ ಒಬ್ಬರಾದ ಮೇಲೊಬ್ಬರ ಕೈ ಸೇರಿತ್ತು. 2009ರಲ್ಲಿ ಅದು ಅಪಘಾತಕ್ಕೀಡಾಗಿ ಒಂದು ಜೀವ ಹೋಯಿತು. ಕಾರು ಮಾರಿ ಎರಡು ವರ್ಷವಾಗಿದೆ ಎಂದು ಮೊದಲಿನವನು ಹೇಳಿಕೊಂಡ. ಆದರೆ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು ನ್ಯಾಯಾಲಯ ಹೇಳಿತು. ನೊಂದ ಕುಟುಂಬ ಒಬ್ಬ ಮಾಲೀಕನಿಂದ ಇನ್ನೊಬ್ಬನ ಬೆನ್ನು ಹತ್ತಿ ಅಲೆಯುವಂತಾಗಬಾರದು ಎಂಬುದು ಅದರ ತಿರುಳು.

ಕೊಂಡವನಿಗೂ ಇದರಲ್ಲಿ ಅಪಾಯವಿದೆ. ವಿಮೆ ಹಳೆಯವನ ಹೆಸರಿನಲ್ಲೇ ಉಳಿದಿದ್ದರೆ, ದಾರಿಹೋಕರಿಗಾದ ಹಾನಿಗೆ ರಕ್ಷಣೆ ಮುಂದುವರಿಯುತ್ತದೆ. ತನ್ನ ಕಾರಿಗೇ ಆದ ಹಾನಿಗೆ ಆ ರಕ್ಷಣೆ ತಾನಾಗಿ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಲಕ್ಷಗಟ್ಟಲೆ ಕೊಟ್ಟು ಕೊಂಡ ಕಾರು ಜಖಂ ಆದರೆ, ಕೈಯಲ್ಲಿ ಉಳಿಯುವುದು ಕೀಲಿ ಮಾತ್ರ.

2023ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರ ಹಳೆಯ ವಾಹನಗಳ ವ್ಯಾಪಾರಿಗಳೂ ಆರ್.ಟಿ.ಓ. ಕಚೇರಿಯಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ ತಂದಿದೆ. ಅಂಥ ವ್ಯಾಪಾರಿಯ ಕೈಗೆ ಕಾರು ಒಪ್ಪಿಸಿ ಅದನ್ನು ಇಲಾಖೆಗೆ ತಿಳಿಸಿದರೆ, ಮಾರುವವರೆಗಿನ ಹೊಣೆ ವ್ಯಾಪಾರಿಯದು. ಒಬ್ಬರಿಂದೊಬ್ಬರಿಗೆ ನೇರವಾಗಿ ನಡೆಯುವ ವ್ಯಾಪಾರದಲ್ಲಿ ಮಾತ್ರ ಎಚ್ಚರಿಕೆ ಇಬ್ಬರದೇ.

ಆದ್ದರಿಂದ ಹೊರರಾಜ್ಯದ ಕಾರಿನ ಬೆಲೆ ಕುದುರಿಸುವ ಮೊದಲೇ ತೆರಿಗೆಯ ಲೆಕ್ಕ ಹಾಕಿಸಬೇಕು. ನಿರಾಕ್ಷೇಪಣಾ ಪತ್ರ ಕೈಗೆ ಬರುವವರೆಗೆ ಹಣದ ಒಂದು ಭಾಗವನ್ನು ತಡೆಹಿಡಿಯಬೇಕು. ಮಾರುವವನಾದರೆ ತನ್ನ ಹೆಸರು ಆರ್.ಸಿ.ಯಿಂದ ಹೋದದ್ದನ್ನು ಕಣ್ಣಾರೆ ನೋಡುವವರೆಗೆ ವ್ಯಾಪಾರ ಮುಗಿಯಿತೆಂದು ತಿಳಿಯಬಾರದು.

ಎತ್ತು ಮಾರಿದವನು ಹಗ್ಗ ಕೊಟ್ಟು ಮನೆಗೆ ಹೋದರೆ, ಮರುದಿನ ಆ ಎತ್ತು ಯಾರ ಹೊಲ ಮೇಯ್ದರೂ ಅದು ಅವನ ಚಿಂತೆಯಲ್ಲ. ಕಾರು ಮಾರಿದವನಿಗೆ ಆ ನೆಮ್ಮದಿ ಕೀಲಿ ಕೊಟ್ಟ ದಿನ ಬರುವುದಿಲ್ಲ, ಹೆಸರು ಬದಲಾದ ದಿನ ಬರುತ್ತದೆ.