ಯಾವ ಊರಿನ ಎಂಟು ಗಂಟೆ?

ನಮ್ಮ ಬೇವೂರಿನಲ್ಲಿ ಸೂರ್ಯನು ನೆತ್ತಿಯ ಮೇಲೆ ಬರುವ ಹೊತ್ತಿಗೆ ಗಡಿಯಾರವು ಹನ್ನೆರಡನ್ನು ದಾಟಿ ಸರಾಸರಿ 26 ನಿಮಿಷಗಳಾಗಿರುತ್ತವೆ. ಭಾರತದ ವೇಳೆಯನ್ನು 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಲಾಗಿದೆ. ನಾವಿರುವುದು 76 ಡಿಗ್ರಿಯ ಆಸುಪಾಸಿನಲ್ಲಿ. ಡಿಗ್ರಿಯೊಂದಕ್ಕೆ ನಾಲ್ಕು ನಿಮಿಷಗಳ ಅಂತರ. ಗಡಿಯಾರದ ವೇಳೆಯೆಂಬುದು ಮನುಷ್ಯರು ಮಾಡಿಕೊಂಡ ಒಪ್ಪಂದ.

ಆ ಒಪ್ಪಂದವೂ ಒಮ್ಮೆ ಬದಲಾಗಿತ್ತು. ಮಹಾಯುದ್ಧದ ನಿಮಿತ್ತ 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡಲಾಗಿತ್ತು. ನನ್ನ ತಾಯಿ ಹುಟ್ಟಿದ್ದು 1943ರಲ್ಲಿ. ಅವರ ಜನನಕಾಲವನ್ನು ಸರಕಾರಿ ಗಡಿಯಾರ ನೋಡಿ ಬರೆದಿದ್ದರೆ ಒಂದು ಗಂಟೆ ಕಳೆಯಬೇಕು; ಹೊತ್ತು ನೋಡಿ ಅಂದಾಜಿನಿಂದ ಬರೆದಿದ್ದರೆ ಕಳೆಯಬಾರದು. ಸುಮಾರು ಎರಡು ಗಂಟೆಗೊಮ್ಮೆ ಲಗ್ನ ಬದಲಾಗುವುದರಿಂದ ಇದು ಜಾತಕಕ್ಕೆ ಸಣ್ಣ ವ್ಯತ್ಯಾಸವಲ್ಲ.

ಇದೇ ತೊಡಕು ಈಚೆಗೆ ಗಣಕಯಂತ್ರದ ರೂಪದಲ್ಲಿ ನಮ್ಮ ಮನೆಗೆ ಬಂದಿತು. ನನ್ನ ಮಗಳು ನ್ಯೂಯಾರ್ಕಿನಲ್ಲಿದ್ದಾಳೆ. ರವಿವಾರ ಅಲ್ಲಿಯ ಬೆಳಗಿನ ಒಂಬತ್ತೂವರೆಗೆ, ಎಂದರೆ ಇಲ್ಲಿಯ ರಾತ್ರಿ ಎಂಟಕ್ಕೆ, ಅವಳು ಅಜ್ಜಿಯೊಡನೆ ಮಾತನಾಡುವುದು ರೂಢಿ. ಅವಳು ತನ್ನ ಕ್ಯಾಲೆಂಡರಿನಲ್ಲಿ ಒಂಬತ್ತೂವರೆ ಎಂದು ಬರೆದಳು. ನಾನು ನನ್ನದರಲ್ಲಿ ಎಂಟು ಎಂದು ಬರೆದೆ. ಚಳಿಗಾಲವೆಲ್ಲ ಎರಡೂ ಕೂಡಿ ಬಂದವು. ಮಾರ್ಚಿಯ ಎರಡನೆಯ ರವಿವಾರ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುತ್ತಾರೆ. ನವೆಂಬರಿನ ಮೊದಲ ರವಿವಾರ ಹಿಂದಕ್ಕೆ ತರುತ್ತಾರೆ. ಮಾರ್ಚಿಯ ಆ ರವಿವಾರ ಅವಳ ಒಂಬತ್ತೂವರೆ ನಮ್ಮ ಏಳಾಯಿತು. ಎಂಟಕ್ಕೆ ತಾಯಿಯನ್ನು ಕರೆತಂದು ಕೂರಿಸಿದಾಗ ಮಗಳು ಕಾದು ಎದ್ದುಹೋಗಿದ್ದಳು. ಎಂಬತ್ತು ದಾಟಿದ ಜೀವಕ್ಕೆ ಒಂದು ರವಿವಾರ ತಪ್ಪುವುದು ಸಣ್ಣ ಮಾತಲ್ಲ.

ಇಂಥಲ್ಲಿ ಗಡಿಯಾರದ ಮುಳ್ಳನ್ನು ಕೈಯಿಂದ ತಿರುಗಿಸಿದರೆ ಗೋಜಲು ಹೆಚ್ಚುತ್ತದೆ. ಯಂತ್ರವು ಒಳಗೆ ಲೆಕ್ಕ ಮಾಡುವುದು ಜಗತ್ತಿಗೆಲ್ಲ ಸಮಾನವಾದ ಒಂದು ವೇಳೆಯಲ್ಲಿ; ತೆರೆಯ ಮೇಲೆ ಕಾಣುವುದು ನಾವು ಸೂಚಿಸಿದ ವಲಯಕ್ಕೆ ತಕ್ಕ ರೂಪ. ಆದ್ದರಿಂದ ಮೊದಲು ವಲಯವನ್ನು ನೋಡಬೇಕು. ನಮಗೆ ಅದು ಕೋಲ್ಕತ್ತ ಎಂದಿರಬೇಕು. ವೇಳೆಯನ್ನು ತಾನಾಗಿ ಹೊಂದಿಸಿಕೊಳ್ಳಲು ಯಂತ್ರಕ್ಕೆ ಬಿಡಬೇಕು. ವಲಯದ ನಿಯಮಗಳನ್ನು ಸರಕಾರಗಳು ಬದಲಿಸುತ್ತಿರುವುದರಿಂದ ಯಂತ್ರದ ತಂತ್ರಾಂಶವೂ ಹಳತಾಗಿರಬಾರದು.

ನಮ್ಮ ಮನೆಯಲ್ಲಿ ಇವೆಲ್ಲವೂ ಸರಿಯಿದ್ದವು. ತಪ್ಪಿದ್ದು ಒಂದೇ ಭೇಟಿಯನ್ನು ಇಬ್ಬರೂ ಬೇರೆ ಬೇರೆ ಊರಿನ ವೇಳೆಗೆ ಕಟ್ಟಿದ್ದರಲ್ಲಿ. ಈಗ ಒಬ್ಬರೇ ಬರೆದು ಇನ್ನೊಬ್ಬರಿಗೆ ಆಹ್ವಾನ ಕಳಿಸುತ್ತೇವೆ. ಅಜ್ಜಿಯ ಊಟ, ನಿದ್ದೆಗಳು ಕೆಡಬಾರದೆಂದು ಬೇವೂರಿನ ಎಂಟನ್ನೇ ಸ್ಥಿರವಾಗಿರಿಸಿದ್ದೇವೆ; ಬೇಸಿಗೆಯಲ್ಲಿ ಮಗಳ ಯಂತ್ರವೇ ಅದನ್ನು ಹತ್ತೂವರೆ ಎಂದು ತೋರಿಸುತ್ತದೆ.

ತಾಯಿಗೆ ಇದನ್ನೆಲ್ಲ ವಿವರಿಸಿದೆ. ಕೇಳಿ ಅವರೆಂದರು: "ಎಂಟು ಅಂದ್ರ ಸಾಲದಪಾ, ಯಾರ ಮನಿ ಎಂಟು ಅಂತ ಹೇಳಬೇಕು."